ಎಡ ರೆಕ್ಕೆಯ ಕೆಳಗಿನ ಕೆಂಪು ಬಿಲ್ಲೆ

ನಾನು ಒಂದು ಯುದ್ಧವಿಮಾನ. ಆಟಿಕೆ ಎಂದು ಬಾಯಿ ತೆರೆಯುವವರು ಈಗಲೇ ಎದ್ದು ಹೋಗಬಹುದು. ರೆಕ್ಕೆಯ ಈ ತುದಿಯಿಂದ ಆ ತುದಿಗೆ ಒಂದು ಗೇಣು, ಮೇಲೆ ಎರಡು ಬೆರಳು ಇದ್ದೇನೆ. ಹಾರಿಲ್ಲ, ಯಾರನ್ನೂ ಸುಟ್ಟಿಲ್ಲ. ಆದರೂ ನನ್ನ ಹೊಟ್ಟೆಯ ಕಡೆಗಿರುವ ಒಂದು ಕೆಂಪು ಚುಕ್ಕೆ ಮೂರು ಜನರ ನೆಮ್ಮದಿ ತೆಗೆದಿದೆ. ಅಷ್ಟರಮಟ್ಟಿಗೆ ನಾನು ಯುದ್ಧವಿಮಾನವೇ ಸರಿ.

ನನ್ನ ಹುಟ್ಟೂ ಪ್ರೀತಿಯ ಹುಟ್ಟಲ್ಲ. ಕುದಿಯುವ ಪ್ಲಾಸ್ಟಿಕ್ಕನ್ನು ಉಕ್ಕಿನ ಅಚ್ಚಿನೊಳಗೆ ತುರುಕಿದರು, ತಣ್ಣಗಾಗುವ ಮೊದಲೇ ಹೊರಗೆ ಉದುರಿಸಿದರು. ಆಗ ನನಗೆ ವಿಮಾನದ ರೂಪವೇ ಇರಲಿಲ್ಲ. ಕರಿಬೇವಿನ ಕಡ್ಡಿಗೆ ಎಲೆ ಅಂಟಿಕೊಂಡಿರುತ್ತದಲ್ಲ, ಹಾಗೆ ಎಪ್ಪತ್ತು ಚಿಲ್ಲರೆ ಬೂದು ತುಂಡುಗಳಾಗಿ ಕಡ್ಡಿಗಳಿಗೆ ಅಂಟಿಕೊಂಡಿದ್ದೆ. ಒಂದು ಕಡ್ಡಿಯಲ್ಲಿ ಚಕ್ರ, ಇನ್ನೊಂದರಲ್ಲಿ ಬಾಲ, ಮತ್ತೊಂದರಲ್ಲಿ ತಲೆಯಿಲ್ಲದ ಪೈಲಟ್. ಅವನ ತಲೆ ಬೇರೆ ಕಡ್ಡಿಯಲ್ಲಿತ್ತು. ಇದನ್ನೆಲ್ಲ ಒಂದು ಡಬ್ಬಿಗೆ ತುಂಬಿದರು. ಡಬ್ಬಿಯ ಮೇಲೆ ನನ್ನ ಚಿತ್ರ. ನಾನು ಮೋಡ ಸೀಳಿಕೊಂಡು ನುಗ್ಗುತ್ತಿದ್ದೇನೆ, ಸುತ್ತ ಮೂರು ಶತ್ರುವಿಮಾನಗಳು ಹೊತ್ತಿ ಉರಿಯುತ್ತಿವೆ. ಒಳಗೆ ನೋಡಿದರೆ ಚೂರುಪಾರು. ಮೇಲೆ ಥಳುಕು, ಒಳಗೆ ಹುಳುಕು ಎನ್ನುವುದನ್ನು ನಾನು ಅಂದೇ ಕಲಿತೆ.

ಪುಣೆಯ ಒಂದು ಅಂಗಡಿಯಲ್ಲಿ ಎರಡು ವರ್ಷ ಧೂಳು ತಿಂದೆ. ಒಂದು ದಿನ ಬಿಳಿ ಸೀರೆಯ, ನೆಟ್ಟನೆ ಬೆನ್ನಿನ ಒಬ್ಬ ಹೆಂಗಸು ಬಂದು, ಡಬ್ಬಿಯ ಮೇಲಿನ ಹೆಸರನ್ನು ಬೆರಳಿಟ್ಟು ಓದಿದರು. ಹರಿಕೇನ್. ಮಕ್ಕಳಿಗಾ ಎಂದು ಅಂಗಡಿಯವನು ಕೇಳಿದ್ದಕ್ಕೆ ಅವನನ್ನು ಹೇಗೆ ನೋಡಿದರೆಂದರೆ ಅವನು ಮತ್ತೆ ತುಟಿ ಬಿಚ್ಚಲಿಲ್ಲ. ಆ ನೋಟ ನನಗೆ ಹಿಡಿಸಿತು.

ಅವರು ಧಾರವಾಡದ ಎಸ್ತೇರ್ ಹಳಿಯಾಳ. ಮೂವತ್ತು ವರ್ಷ ಹೆಣ್ಣುಮಕ್ಕಳ ಶಾಲೆಯಲ್ಲಿ ಕಲಿಸಿದವರು, ಊರೆಲ್ಲ ಎಸ್ತೇರ್ ಬಾಯಾರು ಎಂದೇ ಕರೆಯುತ್ತಿತ್ತು. ಅವರಿಗೆ ಒಬ್ಬ ಅಣ್ಣನಿದ್ದ, ಸ್ಯಾಮುವೆಲ್. ದೊಡ್ಡ ಯುದ್ಧದ ಕಾಲದಲ್ಲಿ ಪೈಲಟ್ ಆಗಿದ್ದವನು, ನಲವತ್ತನಾಲ್ಕರ ಮಾರ್ಚ್ ತಿಂಗಳಲ್ಲಿ ಬರ್ಮಾ ಗಡಿಯಲ್ಲಿ ಸತ್ತ. ಆಗ ಬಾಯಾರಿಗೆ ಹದಿನಾಲ್ಕು ವರ್ಷ. ಶತ್ರುವಿನ ದಾಳಿಯಲ್ಲಿ ಮಡಿದನೆಂದು ಸರಕಾರದ ಕಾಗದ ಬಂತು. ಅಂದಿನಿಂದ ಬಾಯಾರು ಜಪಾನ್ ದೇಶವನ್ನು ದ್ವೇಷಿಸಿದರು. ಬಾಯಿಮಾತಿನ ದ್ವೇಷವಲ್ಲ. ಸೋದರಳಿಯನೊಬ್ಬ ಆಸೆಪಟ್ಟು ತಂದುಕೊಟ್ಟ ಜಪಾನಿನ ರೇಡಿಯೋವನ್ನು ಪೊಟ್ಟಣ ಕಟ್ಟಿ ಅಂಚೆಯಲ್ಲಿ ಹಿಂದಕ್ಕೆ ಕಳಿಸಿದ್ದರು. ಆ ದೇಶದ ಒಂದು ಗುಂಡುಸೂಜಿಯೂ ಅವರ ಹೊಸ್ತಿಲು ದಾಟಿರಲಿಲ್ಲ.

ನನ್ನನ್ನು ಕಟ್ಟುವ ಕೆಲಸವನ್ನು ಅವರು ಹುಬ್ಬಳ್ಳಿಯ ಪೋತದಾರನಿಗೆ ವಹಿಸಿದರು. ಪೋತದಾರ ಹಲ್ಲಿನ ಸೆಟ್ಟು ಮಾಡುವವನು. ಊರಿನ ಅರ್ಧ ಮುದುಕರು ಅವನ ಹಲ್ಲಿನಿಂದಲೇ ರೊಟ್ಟಿ ತಿನ್ನುತ್ತಿದ್ದರು. ಬಿಡುವಿನಲ್ಲಿ ಪ್ಲಾಸ್ಟಿಕ್ ವಿಮಾನ ಕಟ್ಟುವುದು ಅವನ ಹುಚ್ಚು. ಹಲ್ಲಿನ ಲ್ಯಾಬಿನ ಗೋಡೆಗೆ ಗಾಜಿನ ಕಪಾಟು, ಅದರೊಳಗೆ ಹನ್ನೊಂದು ವಿಮಾನ. ಬಂದವರೆಲ್ಲ ಬಾಯಿ ತೆರೆದುಕೊಂಡೇ ಅದನ್ನು ಹೊಗಳಬೇಕಿತ್ತು.

"ಇದು ನಮ್ಮಣ್ಣ ಕಡೀಕ ಕೂತ ವಿಮಾನ. ಮಾರ್ಚ್ ಹದಿನೆಂಟಕ್ಕ ಅವನ ಫೋಟೋದ ಮುಂದ ಇಡಬೇಕು. ಆ ದಿವಸ ಹೆಂಗಿತ್ತೋ ಹಂಗ ಇರಬೇಕು ಪೋತದಾರ್, ಒಂದ ಕೂದಲೆಳಿ ಹೆಚ್ಚುಕಡಿಮಿ ಆಗಬಾರದು" ಎಂದರು ಬಾಯಾರು.

"ನೀವ ಕಾಳಜೀನ ಮಾಡಬ್ಯಾಡ್ರಿ ಬಾಯಾರ, ನನ್ನ ಕೈಯಾಗ ತಪ್ಪು ಆಗೂದ ಇಲ್ಲ" ಎಂದ ಪೋತದಾರ. ಹಾಗೆನ್ನುವವರನ್ನು ಕಂಡರೆ ನನಗೆ ಮೈಯುರಿ.

ಆಮೇಲೆ ನಾನು ಪಟ್ಟ ಪಾಡು ಕೇಳಬೇಡಿ. ಹಲ್ಲಿನ ತಂತಿ ಕತ್ತರಿಸುವ ಇಕ್ಕಳದಿಂದ ನನ್ನನ್ನು ಕಡ್ಡಿಯಿಂದ ಕಿತ್ತ. ಅರದಿಂದ ಉಜ್ಜಿದ. ಹುಳುಕು ಕೆದರುವ ಕೊಕ್ಕೆಯಿಂದ ನನ್ನ ಮೈಮೇಲಿನ ಗೆರೆಗಳನ್ನು ಆಳವಾಗಿ ಕೊರೆದ. ಅಂಟು ಹಚ್ಚಿದಲ್ಲಿ ಚರ್ಮ ಕರಗುತ್ತಿತ್ತು. ರೆಕ್ಕೆಯೂ ಹೊಟ್ಟೆಯೂ ಸೇರುವಲ್ಲಿ ಬಿರುಕು ಉಳಿಯಿತೆಂದು, ಕಟ್ಟಿದ ಹಲ್ಲಿಗೆ ಒಸಡು ಮಾಡುವ ಗುಲಾಬಿ ಹಿಟ್ಟನ್ನು ಅಲ್ಲಿಗೆ ಮೆತ್ತಿದ. ಇವತ್ತಿಗೂ ನನ್ನ ಬಣ್ಣ ಕೆರೆದರೆ ಒಳಗೆ ಯಾರದೋ ಅಜ್ಜನ ಒಸಡು ಸಿಗುತ್ತದೆ.

ಕೆಲಸಗಾರನೇನೋ ಹೌದು, ಅದನ್ನು ಅಲ್ಲಗಳೆಯಲಾರೆ. ಪೈಲಟ್ ಕೂರುವ ಗೂಡಿನಲ್ಲಿ ಸಾಸಿವೆಗಿಂತ ಸಣ್ಣ ಗಡಿಯಾರಗಳಿಗೆ ಒಂದೇ ಕೂದಲಿನ ಕುಂಚದಿಂದ ಮುಳ್ಳು ಬರೆದ. ಉಳಿದ ಕಡ್ಡಿಯನ್ನು ಮೇಣದಬತ್ತಿಯ ಮೇಲೆ ಕಾಸಿ, ಎಳೆ ತೆಗೆದು, ಬಾಲಕ್ಕೆ ರೇಡಿಯೋ ತಂತಿ ಕಟ್ಟಿದ. ಬೆನ್ನಿಗೆ ಹಸಿರು, ಮಣ್ಣಿನ ಬಣ್ಣ, ಹೊಟ್ಟೆಗೆ ಬೂದು. ಹೊಗೆ ಕಾರುವ ಕೊಳವೆಗಳ ಹಿಂದೆ ದೀಪದ ಕಾಡಿಗೆ ತೀಡಿದ. ಕೊನೆಗೆ, ಡಬ್ಬಿಯಲ್ಲಿದ್ದ, ಯಾವ ದೇಶದ ವಿಮಾನವೆಂದು ಹೇಳುವ ದುಂಡು ಬಿಲ್ಲೆಗಳ ಅಂಟುಚಿತ್ರಗಳನ್ನು ನೀರಲ್ಲಿ ನೆನೆಸಿ, ಜಾರಿಸಿ ಕೂರಿಸಿದ. ರೆಕ್ಕೆಗಳ ಮೇಲೆ ಎರಡು, ಪಕ್ಕೆಗಳಿಗೆ ಎರಡು, ರೆಕ್ಕೆಗಳ ಕೆಳಗೆ ಎರಡು. ಒಟ್ಟು ಆರು. ಆರರಲ್ಲೂ ನಡುವೆ ಕೆಂಪು.

ಬಣ್ಣ ಒಣಗುತ್ತಿದ್ದಾಗಲೇ ಒಬ್ಬ ಬೊಚ್ಚುಬಾಯಿಯ ಮುದುಕ ಹಲ್ಲಿನ ಅಳತೆ ಕೊಡಲು ಬಂದ. ಹೆಸರು ಮೋನಪ್ಪ ಬಡಿಗೇರ. ರೈಲ್ವೆ ಕಾರ್ಖಾನೆಯಲ್ಲಿ ಬಡಗಿಯಾಗಿದ್ದು ನಿವೃತ್ತನಾದವನು. ಪೋತದಾರ ಅವನ ಬಾಯಿಗೆ ಅಚ್ಚಿನ ಮೇಣ ತುಂಬಿ, ಅಲುಗಾಡಬ್ಯಾಡ್ರಿ ಎಂದು ಕೂರಿಸಿದ. ಮುದುಕನ ಕಣ್ಣು ನನ್ನ ಮೇಲೆ ಬಿತ್ತು. ಮೇಣ ಬಾಯಲ್ಲಿದ್ದಂತೆಯೇ ಎದ್ದು ನಿಂತ. ಅಚ್ಚು ಕೆಟ್ಟುಹೋಯಿತು. ಅದನ್ನು ಕೈಗೆ ಉಗುಳಿಕೊಂಡು ಕೂಗಿದ:

"ಈ ಕೆಂಪು ಯಾಂವ ಹಚ್ಚಿದಾ?"

"ನಾನ ಹಚ್ಚೇನಿ. ಡಬ್ಬಿಯೊಳಗ ಹಂಗ ಕೊಟ್ಟಾರ. ಯಾಕ?"

"ಡಬ್ಬಿ ಮಾಡಿದಾಂವ ಬರ್ಮಾಕ್ಕ ಹೋಗಿದ್ನೇನು? ನಾ ಹೋಗಿದ್ದೆ. ಇಂಥಾ ಹರಿಕೇನಿನ ಮೈಕಟ್ಟು ನೋಡ್ಕೊಳ್ಳೋ ಕೆಲಸ ನಂದಿತ್ತು. ಜಪಾನಿನವರ ವಿಮಾನದ ಮ್ಯಾಲೆ ಕೆಂಪು ಸೂರ್ಯಾ ಇರ್ತಿದ್ದ. ನಮ್ಮ ಬಿಲ್ಲೆದಾಗ ಕೆಂಪು ಕಂಡ್ರ ನಮ್ಮ ತೋಪಿನವರ ನಮಗ ಹೊಡೀತಿದ್ರು. ಅದಕ್ಕ ಅಲ್ಲಿ ಎಲ್ಲಾ ವಿಮಾನದ್ದೂ ಕೆಂಪು ಅಳಿಸಿ ನೀಲಿ ಹಚ್ಚಿದ್ವಿ. ಒಂದ ಚೂರು ಕೆಂಪು ಇರಬಾರ್ದು ಅಂತ ಹುಕುಂ!"

"ಇಪ್ಪತ್ತು ವರ್ಷ ಆತು ನಾ ವಿಮಾನ ಮಾಡ್ಲಿಕ್ಕೆ ಹತ್ತಿ. ನೀವು ಹಲ್ಲು ಹಾಕಿಸ್ಕೊಳ್ಳಾಕ ಬಂದೀರಿ, ಹಲ್ಲು ಹಾಕಿಸ್ಕೊಂಡು ಹೋಗ್ರಿ."

"ಇಪ್ಪತ್ತು ವರ್ಷ ತಪ್ಪ ಮಾಡೀರಿ ಹಂಗಾರ."

ಹೀಗೆ ಮೊದಲ ದಿನವೇ ಹಾವು ಮುಂಗುಸಿಯಾದರು. ಆದರೆ ಪೋತದಾರನಿಗೆ ಬಾಯಾರ ಭಯವಿತ್ತು. ತಪ್ಪು ಅವರ ಕಣ್ಣಿಗೆ ಬಿದ್ದರೆ ಮರ್ಯಾದೆ ಮೂರಾಬಟ್ಟೆಯಾಗುತ್ತದೆ. ಮುಂದಿನ ವಾರ ಮುದುಕ ಬಂದಾಗ, ಮುಖ ಗಂಟುಹಾಕಿಕೊಂಡೇ ಕುಂಚ ಅವನ ಕೈಗಿತ್ತ. "ಹಚ್ರಿ. ನೋಡೂಣು ನಿಮ್ಮ ಕೈಚಳಕ."

ಮೋನಪ್ಪ ನಾಲ್ಕು ಮಧ್ಯಾಹ್ನ ಬಂದ. ಅವನ ಬೆರಳು ಒರಟು, ಆದರೆ ನಡುಗುತ್ತಿರಲಿಲ್ಲ. ಮೊದಲು ರೆಕ್ಕೆಗಳ ಮೇಲಿನ ಎರಡು, ಆಮೇಲೆ ಪಕ್ಕೆಯ ಎರಡು, ಆಮೇಲೆ ನನ್ನನ್ನು ಮಗುಚಿ ಬಲ ರೆಕ್ಕೆಯ ಕೆಳಗಿನದು. ಎಂದೋ ಒಮ್ಮೆ ಇದೇ ಕೆಲಸವನ್ನು ಇದೇ ಸಾಲಿನಲ್ಲಿ ಮಾಡಿದವನಂತೆ ಮಾಡುತ್ತಿದ್ದ. ಪೋತದಾರನ ಹೆಂಡತಿ ಉಮಾಬಾಯಿ ನಾಲ್ಕೂ ದಿನ ಚಹಾ ತಂದಿಟ್ಟರು. ನಾಲ್ಕೂ ದಿನ ಅವನು ಲೋಟ ಸರಿಸಿದ.

"ನಮ್ಮನಿ ಚಹಾ ನಿಮಗ ಸೇರೂದಿಲ್ಲೇನು?" ಎಂದು ಉಮಾಬಾಯಿ ಕೇಳಿಯೇಬಿಟ್ಟರು.

"ಯಾರ ಮನಿದೂ ಕುಡಿಯಂಗಿಲ್ಲರಿ" ಎಂದನೇ ಹೊರತು ಕಾರಣ ಹೇಳಲಿಲ್ಲ. ಹುಬ್ಬಳ್ಳಿಯಲ್ಲಿ ಚಹಾ ಬೇಡವೆಂದವನನ್ನು ಯಾರು ನಂಬುತ್ತಾರೆ? ಗಂಡ ಹೆಂಡತಿ ಇಬ್ಬರಿಗೂ ಅವನು ಸೊಕ್ಕಿನ ಮುದುಕನಾಗಿ ಕಂಡ. ನನಗೂ ಹಾಗೇ ಕಂಡ.

ಒಂದೇ ಬಿಲ್ಲೆ ಉಳಿದಿತ್ತು, ಎಡ ರೆಕ್ಕೆಯ ಕೆಳಗಿನದು. ಅಷ್ಟರಲ್ಲಿ ಪೋತದಾರ ಬಾಯಾರು ಕೊಟ್ಟ ಫೋಟೋ ತಂದ. ಬಳಿದ ಚುಕ್ಕೆಗಳ ಅಗಲ ಸರಿಯಿದೆಯೋ ಇಲ್ಲವೋ, ಇದಕ್ಕೆ ತಾಳೆ ನೋಡಿ ಹೇಳಿ ಎಂದ. ಫೋಟೋದಲ್ಲಿ ಸ್ಯಾಮುವೆಲ್ ಒಂದು ಹರಿಕೇನಿಗೆ ಒರಗಿ ನಗುತ್ತಿದ್ದ. ಮೋನಪ್ಪ ಬಿಲ್ಲೆಯನ್ನು ನೋಡಲಿಲ್ಲ. ಮುಖವನ್ನೇ ನೋಡಿದ.

"ಈ ವಿಮಾನ ಯಾರಿಗೆ?"

"ಧಾರವಾಡದ ಎಸ್ತೇರ್ ಬಾಯಾರಿಗೆ. ಇವರು ಅವರ ಅಣ್ಣ."

ಮುದುಕ ಕುಂಚವನ್ನು ನೀರಿನ ಬಟ್ಟಲಲ್ಲಿ ಅದ್ದಿ, ತೊಳೆದು, ಅಡ್ಡ ಇಟ್ಟ. "ಇದೊಂದು ಕೆಂಪಗ ಇರ್ಲಿ" ಎಂದ.

"ತಲಿ ಗಿಲಿ ಕೆಟ್ಟದೇನು? ಐದು ನೀಲಿ, ಒಂದು ಕೆಂಪು! ನೋಡಿದವರು ನನ್ನ ಮಾರಿಗೆ ಉಗುಳ್ತಾರ!"

"ಆ ದಿವಸ ಹಂಗ ಇತ್ತು. ನಾನ ಬಿಟ್ಟಿದ್ದೆ."

ಆಗ ಅವನು ಹೇಳಿದ್ದು ಇಷ್ಟು. ಆ ಹರಿಕೇನ್ ಬೇರೆ ಕಡೆಯಿಂದ ಹಿಂದಿನ ಸಂಜೆಯಷ್ಟೇ ಬಂದಿತ್ತು, ಆರೂ ಬಿಲ್ಲೆ ಕೆಂಪಾಗಿದ್ದವು. ಬೆಳಗ್ಗೆ ಹತ್ತಕ್ಕೆ ಹಾರಬೇಕು, ಅಷ್ಟರಲ್ಲಿ ಕೆಂಪು ಅಳಿಸಬೇಕೆಂದು ಇವನಿಗೆ ಆಜ್ಞೆಯಾಯಿತು. ಬೆಳಕು ಹರಿದಾಗ ಶುರುಮಾಡಿ ಐದು ಮುಗಿಸಿದ್ದ. ಮೂರು ದಿನದಿಂದ ಚಹಾ ಸಿಕ್ಕಿರಲಿಲ್ಲ. ಅಷ್ಟೊತ್ತಿಗೆ ಚಹಾದ ಗಾಡಿ ಬಂತು. ಕೆಲಸ ಮುಗಿದಿದೆ ಎಂದು ಬರೆದ ಹಾಳೆಗೆ ಇವನು ಸಹಿ ಹಾಕದೆ ಯಾವ ಪೈಲಟ್ಟೂ ವಿಮಾನ ಏರುವಂತಿರಲಿಲ್ಲ. ಇನ್ನೂ ಎರಡು ತಾಸು ಇದೆಯಲ್ಲ, ಚಹಾ ಕುಡಿದು ಬಂದು ಆರನೆಯದನ್ನು ಮುಗಿಸಿದರಾಯಿತು ಎಂದು ಮೊದಲೇ ಸಹಿ ಹಾಕಿದ. ಎಲ್ಲರೂ ಹಾಗೆ ಮಾಡುತ್ತಿದ್ದರು. ಮಗ್ ಬಾಯಿಗಿಟ್ಟಾಗ ಇಂಜಿನ್ನಿನ ಸದ್ದು ಕೇಳಿತು. ಹೊತ್ತಿಗೆ ಮೊದಲೇ ಹಾರಲು ಕರೆ ಬಂದಿತ್ತು. ಫೋಟೋದಲ್ಲಿದ್ದ ಹಳಿಯಾಳ ಸಾಹೇಬರು ಹಾಳೆಯ ಮೇಲಿನ ಸಹಿ ನೋಡಿ, ನಂಬಿ, ಹತ್ತಿಬಿಟ್ಟಿದ್ದರು.

"ಓಡಿ ಹೋಗಿ ಕೈ ಬೀಸಬೋದಿತ್ತು. ನಿಂದ್ರತಿದ್ರು" ಎಂದ ಮೋನಪ್ಪ. "ಬೀಸಿದ್ರ ನಾ ಸುಳ್ಳ ಸಹಿ ಹಾಕೇನಿ ಅಂತ ಗೊತ್ತಾಗ್ತಿತ್ತು. ಒಂದ ಬಿಲ್ಲೆ, ಏನಾಗ್ತೈತಿ, ಬಂದ ಮ್ಯಾಲೆ ಹಚ್ಚಿದ್ರಾತು ಅಂದ್ಕೊಂಡು ಚಹಾ ಕುಡದೆ. ವಾಪಸ್ ಬರುವಾಗ ತಗ್ಗಿನ್ಯಾಗ ಬಂದ್ರು. ನಮ್ಮ ತೋಪಿನವರು ಕೆಳಗಿಂದ ನೋಡಿದ್ರು, ಕೆಂಪು ಕಂಡ್ತು, ಹೊಡದ್ರು. ದೊಡ್ಡ ಸಾಹೇಬ್ರು ಕಾಗದದಾಗ ಶತ್ರು ಹೊಡದಾನ ಅಂತ ಬರದ್ರು. ನಾ ಬಾಯಿ ಮುಚ್ಕೊಂಡೆ."

ಪೋತದಾರ ಫೋಟೋವನ್ನು ಬೋರಲಾಗಿ ಮೇಜಿನ ಮೇಲಿಟ್ಟ. ಆಮೇಲೆ ಆಡಿದ ಮಾತು ದಯೆಯದೋ ಮರ್ಯಾದೆಯದೋ ನನಗೆ ತಿಳಿಯದು. "ಆಕಿ ಅರವತ್ತರ ಹತ್ರ ಬಂದಾಳ. ಶತ್ರು ಕೊಂದಾನ ಅಂತ ಗಟ್ಟಿ ಕೂತಾಳ. ನಿಮ್ಮ ಎದಿಮ್ಯಾಲಿನ ಕಲ್ಲು ಇಳಿಸ್ಲಿಕ್ಕೆ ಆಕಿ ಎದಿಮ್ಯಾಲೆ ಯಾಕ ಹಾಕ್ತೀರಿ? ಇದನ್ನ ಹೇಳೂದಿಲ್ಲ ಅಂತ ಆಣಿ ಮಾಡ್ರಿ. ಇಲ್ಲಂದ್ರ ಹಲ್ಲು ಕೊಡೂದಿಲ್ಲ."

"ಹಲ್ಲು ನೀವ ಹಾಕ್ಕೋರಿ" ಎಂದು ಮುದುಕ ಮೆಟ್ಟು ಮೆಟ್ಟಿಕೊಂಡು ಹೋದ.

ಅವನು ತಿರುವು ದಾಟುವ ಮೊದಲೇ ಪೋತದಾರ ಆರನೆಯ ಬಿಲ್ಲೆಗೂ ನೀಲಿ ಬಳಿದ. ನನಗೆ ಅವನ ಬೆರಳು ಕಚ್ಚಬೇಕೆನಿಸಿತು. ನನ್ನ ಮೈಮೇಲೆ ಅವನು ಬಳಿದ ಬಣ್ಣಗಳಲ್ಲೆಲ್ಲ ಅತ್ಯಂತ ನುಣುಪಾಗಿ ಕೂತದ್ದು ಆ ಸುಳ್ಳೇ.

ಮಾರ್ಚ್ ಹದಿನೆಂಟರ ಬೆಳಗ್ಗೆ ನನ್ನನ್ನು ಹತ್ತಿ ತುಂಬಿದ ಡಬ್ಬಿಯಲ್ಲಿಟ್ಟುಕೊಂಡು ಪೋತದಾರ ಧಾರವಾಡದ ಬಸ್ಸಿಗೆ ಬಂದ. ಬಸ್ ಸ್ಟ್ಯಾಂಡಿನಲ್ಲಿ ಮೋನಪ್ಪ ನಿಂತಿದ್ದ, ಇಸ್ತ್ರಿ ಮಾಡಿದ ಅಂಗಿ ತೊಟ್ಟು. ದಿನಾಂಕವನ್ನು ಅವನಿಗೆ ಯಾರೂ ಹೇಳಬೇಕಾಗಿರಲಿಲ್ಲ. ಹುಬ್ಬಳ್ಳಿಯಿಂದ ಧಾರವಾಡ ಎಷ್ಟು ದೂರ? ಸಾಹೇಬರ ಊರೆಂದೇ ನಲವತ್ತೆರಡು ವರ್ಷ ಅತ್ತ ಕಾಲಿಡದ ಮುದುಕ ಅಂದು ಬಸ್ ಹತ್ತಿ ನಮ್ಮ ಹಿಂದಿನ ಸೀಟಿನಲ್ಲಿ ಕೂತ. ಇಳಿಯುವಾಗ ಪೋತದಾರ ಜೇಬಿನಿಂದ ಹಲ್ಲಿನ ಸೆಟ್ಟು ತೆಗೆದು ಅವನ ಕೈಗೆ ತುರುಕಿ, "ಹಾಕ್ಕೋರಿ, ಬಾಯಿ ಮಾತ್ರ ತೆರೀಬ್ಯಾಡ್ರಿ" ಎಂದ.

ಬಾಯಾರ ಮನೆಯಲ್ಲಿ ಬಿಳಿ ಬಟ್ಟೆ ಹಾಸಿದ ಮೇಜು, ಅದರ ಮೇಲೆ ಅಣ್ಣನ ಫೋಟೋ. ನನ್ನನ್ನು ಇಟ್ಟರು. ಬಾಯಾರು ಕನ್ನಡಕ ಹಾಕಿ, ಕೈ ಬೆನ್ನಿಗೆ ಕಟ್ಟಿ, ಶಾಲೆಯ ತಪಾಸಣೆಗೆ ಬಂದವರಂತೆ ನನ್ನ ಸುತ್ತ ತಿರುಗಿದರು. "ಛಲೋ ಆಗೇದ" ಎಂದರು. ಪೋತದಾರ ಉಬ್ಬಿದ. ಈತನೂ ಸ್ವಲ್ಪ ಸಹಾಯ ಮಾಡಿದ್ದಾನೆ, ಬರ್ಮಾದಲ್ಲಿ ಇದ್ದವನು ಎಂದು ಮೋನಪ್ಪನನ್ನು ತೋರಿಸಿದ. ಬಾಯಾರು ಇಬ್ಬರಿಗೂ ಚಹಾ ತಂದಿಟ್ಟರು.

"ಬರ್ಮಾದಾಗ ಇದ್ರೇನು? ನಮ್ಮಣ್ಣನ್ನ ನೋಡಿದ್ರೇನು?" ಎಂದು ಕೇಳಿದರು.

ಮೋನಪ್ಪ ಎದ್ದು ನನ್ನನ್ನು ಎತ್ತಿ ಮಗುಚಿ ಹಿಡಿದ. ಪೋತದಾರ "ಏಯ್" ಎಂದು ಕೈ ಚಾಚುವಷ್ಟರಲ್ಲಿ ಹೆಬ್ಬೆರಳಿನ ಉಗುರಿನಿಂದ ಎಡ ರೆಕ್ಕೆಯ ನೀಲಿಯನ್ನು ಕೆರೆದ. ಮೇಲೆ ಬಳಿದ ಬಣ್ಣ ಸಿಪ್ಪೆಯಾಗಿ ಎದ್ದಿತು. ನೋವಾಯಿತು, ಆದರೆ ನಾನು ಅವನ ಪರವಾಗಿದ್ದೆ. ಕೆಳಗಿನಿಂದ ಕೆಂಪು ಮೇಲೆದ್ದಿತು.

"ಬಾಯಾರ, ಆ ದಿವಸ ಇದು ಹಿಂಗಿತ್ತು" ಎಂದ. ನಿಂತುಕೊಂಡೇ ಎಲ್ಲ ಹೇಳಿದ. ಆರು ಬಿಲ್ಲೆ, ಸಹಿ, ಚಹಾ, ಬೀಸದ ಕೈ, ನಮ್ಮದೇ ತೋಪು. ಹೊಸ ಹಲ್ಲು ಸರಿಯಾಗಿ ಕೂತಿರಲಿಲ್ಲ, ಮಾತಿನ ನಡುವೆ ಕಟಕಟ ಎನ್ನುತ್ತಿತ್ತು. ಕ್ಷಮೆ ಎಂಬ ಮಾತನ್ನು ಅವನು ಎತ್ತಲಿಲ್ಲ.

ಬಾಯಾರು ಅಳುತ್ತಾರೆಂದು ಪೋತದಾರ ಕಾದ. ಅವರು ಅಳಲಿಲ್ಲ. "ನಲವತ್ತೆರಡು ವರ್ಷ ಸಂಬಂಧ ಇಲ್ಲದವರಿಗೆ ಶಾಪ ಹಾಕಿದೆ" ಎಂದರು, ಯಾರಿಗೂ ಅಲ್ಲ. ಆಮೇಲೆ ಮೋನಪ್ಪನತ್ತ ತಿರುಗಿದರು. ಅಲ್ಲಿಯವರೆಗೆ ಬಹುವಚನದಲ್ಲಿ ಮಾತಾಡಿದ್ದವರು ಏಕವಚನಕ್ಕಿಳಿದರು.

"ಆ ಚಹಾ ಬಿಸಿ ಇತ್ತೇನು?"

"ಇತ್ತರಿ."

"ಪೂರಾ ಕುಡದೇನು?"

"ಕುಡದೆ ಬಾಯಾರ. ಬೆಲ್ಲದ ಚಹಾ. ಅವತ್ತಿನಿಂದ ಮುಟ್ಟಿಲ್ಲ."

ಅವನ ಮುಂದೆ ಕೆನೆಗಟ್ಟಿದ್ದ ಕಪ್ಪನ್ನು ಬಾಯಾರು ಎತ್ತಿಕೊಂಡು ಹೋಗಿ ಮೋರಿಗೆ ಚೆಲ್ಲಿದರು. ಮತ್ತೆ ಒಲೆ ಹೊತ್ತಿಸಿದ ಸದ್ದು ಕೇಳಿತು. ಹಬೆಯಾಡುವ ಇನ್ನೊಂದು ಕಪ್ಪು ತಂದು ಅವನ ಮುಂದಿಟ್ಟು ಎದುರಿಗೆ ಕೂತರು.

"ಕುಡಿ."

ಅವನು ಕುಡಿದ. ಕಪ್ಪಿನ ಅಂಚಿಗೆ ಹಲ್ಲು ಬಡಿಯುತ್ತಿತ್ತು. ಕೊನೆಯ ಗುಟುಕಿನವರೆಗೆ ಬಾಯಾರು ಕಣ್ಣು ಕೀಳಲಿಲ್ಲ. "ಮುಂದಿನ ವರ್ಷ ಇದ ದಿವಸ ಬಾ" ಎಂದರು. ಅದು ಕರೆಯಲ್ಲ, ಶಿಕ್ಷೆ. ನನಗೆ ಬಹಳ ಸಮಾಧಾನವಾಯಿತು.

ಬಿಲ್ಲೆಯನ್ನು ಸರಿಮಾಡಿ ಕೊಡುತ್ತೇನೆಂದು ಪೋತದಾರ ಅಂಗಲಾಚಿದ. ಬಾಯಾರು ಒಪ್ಪಲಿಲ್ಲ. ನನ್ನನ್ನು ಮೇಜಿನ ಮೇಲೂ ಇಡಲಿಲ್ಲ. ಛಾವಣಿಯ ಕೊಂಡಿಗೆ ಗಾಳದ ದಾರದಿಂದ ತೂಗುಹಾಕಿಸಿದರು. ಪೋತದಾರ ಬರೆದ ಗಡಿಯಾರ, ಬೆನ್ನಿನ ಹಸಿರು ಯಾವುದೂ ಈಗ ಯಾರಿಗೂ ಕಾಣದು. ಕೆಳಗೆ ಕುರ್ಚಿಯಲ್ಲಿ ಕೂತು ತಲೆಯೆತ್ತಿದವರಿಗೆ ಕಾಣುವುದು ತೋಪಿನವರು ಕಂಡದ್ದೇ. ಮುಂದಿನ ತಿಂಗಳು ಆ ಮನೆಗೆ ಒಂದು ಸಣ್ಣ ಜಪಾನ್ ರೇಡಿಯೋ ಬಂತು. ಬಾಯಾರು ಅದರಲ್ಲಿ ಬರೀ ವಾರ್ತೆ ಕೇಳುತ್ತಿದ್ದರು.

ಮೋನಪ್ಪ ಹನ್ನೊಂದು ವರ್ಷ ಬಂದ. ನನ್ನ ಕೆಳಗಿನ ಕುರ್ಚಿಯಲ್ಲಿ ಕೂತು ಒಮ್ಮೆ ಮೇಲೆ ನೋಡುತ್ತಿದ್ದ, ಚಹಾ ಕುಡಿಯುತ್ತಿದ್ದ, ಹೋಗುತ್ತಿದ್ದ. ಅವರ ನಡುವೆ ಹತ್ತು ಮಾತೂ ನಡೆಯುತ್ತಿರಲಿಲ್ಲ. ಮೂರನೆಯ ವರ್ಷ ಬಾಯಾರು ಸಕ್ಕರೆ ಬಿಟ್ಟು ಬೆಲ್ಲ ಹಾಕಿದರು. ಮುದುಕ ಮೊದಲ ಗುಟುಕಿಗೇ ಕಪ್ಪು ಕೆಳಗಿಟ್ಟ. ಬಾಯಾರು ಕಾದರು. ಅವನು ಮತ್ತೆ ಎತ್ತಿ ಮುಗಿಸಿದ. ಬೆಲ್ಲ ಹಾಕಿದ್ದು ಕನಿಕರಕ್ಕೋ ಇನ್ನಷ್ಟು ಚುಚ್ಚಲೋ ಎಂದು ನನ್ನನ್ನು ಕೇಳಬೇಡಿ. ಕನಿಕರದ ಪರಿಚಯ ನನಗೆ ಕಡಿಮೆ.

ಈಗ ನಾನೂ ಮುದುಕ. ಒಂದು ಚಕ್ರ ಉದುರಿದೆ, ರೇಡಿಯೋ ತಂತಿಯಲ್ಲಿ ಜೇಡ ಸಂಸಾರ ಹೂಡಿದೆ, ಹಸಿರು ಬಿಳಿಚಿದೆ. ಒಸಡಿನ ಹಿಟ್ಟು ಮಾತ್ರ ಗಟ್ಟಿಯಾಗಿದೆ. ಬಂದವರು ಕೆಳಗೆ ನಿಂತು, ಒಂದು ಬಿಲ್ಲೆ ಯಾಕೆ ಹೀಗೆ ಎಂದು ಕೇಳುತ್ತಾರೆ. ಎಲ್ಲ ಸರಿಯಾಗಿದ್ದಿದ್ದರೆ ನನ್ನನ್ನು ಯಾರೂ ಎರಡನೆಯ ಸಲ ನೋಡುತ್ತಿರಲಿಲ್ಲ. ನನಗೆ ಅಂಟಿದ ಬಣ್ಣಗಳಲ್ಲಿ ನಿಜ ಹೇಳುವುದು ಅದೊಂದೇ. ಅದಕ್ಕಾಗಿ ನಾನು ಯಾರ ಋಣದಲ್ಲಿದ್ದೇನೆಂದು ಯೋಚಿಸಿದರೆ, ಆ ಸುಳ್ಳು ಸಹಿಯ ಮುದುಕನ ಹೆಸರೇ ಬರುತ್ತದೆ. ಅದೇ ನನಗೆ ಸಿಟ್ಟು.

ಹನ್ನೆರಡನೆಯ ವರ್ಷ ಅವನು ಬರಲಿಲ್ಲ. ಬಾಯಾರು ಬಾಗಿಲು ತೆರೆದಿಟ್ಟುಕೊಂಡು ಮಧ್ಯಾಹ್ನದವರೆಗೆ ಕೂತರು. ಕಪ್ಪಿನ ಚಹಾ ಎರಡು ಸಲ ಆರಿತು. ಎರಡು ಗಂಟೆಗೆ ಪೋತದಾರ ಬಂದು, ಮೋನಪ್ಪ ಎರಡು ತಿಂಗಳಿಂದ ಹಾಸಿಗೆ ಹಿಡಿದಿದ್ದಾನೆ, ಇನ್ನು ಹೆಚ್ಚು ದಿನವಿಲ್ಲ ಎಂದ. "ಇನ್ನ ಸಾಕು ಬಿಡ್ರಿ ಬಾಯಾರ, ಆತು" ಎಂದೂ ಸೇರಿಸಿದ.

ಬಾಯಾರು ಒಳಗೆ ಹೋಗಿ ಮತ್ತೆ ಚಹಾ ಕಾಸಿದರು, ಬೆಲ್ಲ ಹಾಕಿ. ಫ್ಲಾಸ್ಕಿಗೆ ತುಂಬಿ, ಮುಚ್ಚಳ ಬಿಗಿದು, ಚಪ್ಪಲಿ ಮೆಟ್ಟಿ ಪೋತದಾರನ ಜೊತೆ ಹುಬ್ಬಳ್ಳಿಯ ಬಸ್ಸಿಗೆ ಹೊರಟರು. ಹನ್ನೊಂದು ವರ್ಷ ಅವನನ್ನು ಬರಮಾಡಿಕೊಂಡವರು ಮೊದಲ ಸಲ ತಾವೇ ಹೋದರು.

ದೀಪ ಹಚ್ಚುವ ಹೊತ್ತಿಗೆ ಒಬ್ಬರೇ ಹಿಂದಿರುಗಿದರು. ಫ್ಲಾಸ್ಕನ್ನು ಮೇಜಿನ ಮೇಲೆ ಮಗುಚಿಟ್ಟರು. ಒಂದು ಹನಿಯೂ ಬೀಳಲಿಲ್ಲ. ನನ್ನ ಕೆಳಗಿನ ಕುರ್ಚಿಯಲ್ಲಿ, ಅವನ ಕುರ್ಚಿಯಲ್ಲಿ, ಮೊದಲ ಬಾರಿಗೆ ಕೂತರು. ತಲೆಯೆತ್ತಿ ಎಡ ರೆಕ್ಕೆಯನ್ನು ನೋಡಿದರು. ಆಮೇಲೆ ಅಣ್ಣನ ಫೋಟೋದತ್ತ ತಿರುಗಿ ವರದಿ ಒಪ್ಪಿಸಿದರು:

"ಚಮಚೆಲೆ ಕುಡಿಸಿದೆ ಸ್ಯಾಮು. ಪೂರಾ ಕುಡದ್ರು."